ಅಪ್‌ಡೇಟ್: ಪಾಯಿಂಟ್ 22 ಕೋವಿಗೆ ಕೊನೆಗೂ 1–4 ಸ್ಕೋಪ್

ತೆಂಗಿನಕಾಯಿಗೆ ಗುರಿಯಿಡುವ ಅಭ್ಯಾಸಕ್ಕೆ ಕೋವಿಯ ಮೇಲೆ ಕೂರಿಸುವ ಗುರಿ ದುರ್ಬೀನು, ಅಂದರೆ ಸ್ಕೋಪ್, 1–4 (ಒಂದರಿಂದ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದು) ಸಾಕೇ, 1–6 ಬೇಕೇ ಎಂದು ಮಳೆಗಾಲಕ್ಕೆ ಮೊದಲು ಇಲ್ಲಿ ಕೇಳಿದ್ದೆ. 1–4 ಕೊಂಡೆ, ಮುಂದಿನ ಮಸೂರ 24 ಮಿ.ಮೀ.

ನನ್ನ ಮನಸ್ಸು ಬದಲಿಸಿದ್ದು ನಿಮ್ಮಲ್ಲಿ ಹಿರಿಯರೊಬ್ಬರು ಹೇಳಿದ ಭಾಗಾಕಾರ. ಮಸೂರದ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತ ಸಿಗುತ್ತದೆ: ಇದೇ ಮಸೂರಕ್ಕೆ ನಾಲ್ಕು ಪಟ್ಟಿನಲ್ಲಿ 6 ಮಿ.ಮೀ., ಆರು ಪಟ್ಟಿನಲ್ಲಿ ಬರೀ 4. ಮಡಿಕೇರಿ ಕಡೆಯ ಮಬ್ಬು ಬೆಳಗಿನಲ್ಲಿ ಈ ಅಂತರ ಎಷ್ಟು ದೊಡ್ಡದೆಂದು ಗೆಳೆಯನ 1–6ರೊಂದಿಗೆ ಹೋಲಿಸಿದಾಗ ಅರಿವಾಯಿತು. ದಟ್ಟ ಮಂಜಿಗೆ ಮಾತ್ರ ಯಾವ ಸ್ಕೋಪೂ ಮದ್ದಲ್ಲ; ಅದು ಕರಗುವವರೆಗೆ ಕಾಫಿ ಕುಡಿಯುತ್ತಾ ಕಾಯಬೇಕು.

ಪ್ಯಾರಲಾಕ್ಸ್ ಬಗ್ಗೆ, ಅಂದರೆ ಕಣ್ಣು ಆಚೀಚೆ ಸರಿದಾಗ ಸ್ಕೋಪಿನ ಗುರಿಗೆರೆ ಗುರಿಯ ಮೇಲಿಂದ ಜರುಗಿದಂತೆ ಕಾಣುವುದರ ಬಗ್ಗೆ, ಬಹಳ ಹೆದರಿದ್ದೆ. ನನ್ನ ಸ್ಕೋಪ್ 100 ಗಜದಲ್ಲಿ ಈ ತಪ್ಪು ಬಾರದಂತೆ ತಯಾರಿಕೆಯಲ್ಲೇ ಹೊಂದಿಸಿದ್ದು, ನಾನು ಹೊಡೆಯುವುದು 50 ಮೀಟರಿಗೆ. ಲೆಕ್ಕ ಹಾಕಿದರೆ, ಕಣ್ಣು ಪೂರ್ತಿ ಅಂಚಿಗೆ ಸರಿದರೂ ತಪ್ಪು ಐದಾರು ಮಿ.ಮೀ. ಮಾತ್ರ. ತೆಂಗಿನಕಾಯಿಗೆ ಅದು ಲೆಕ್ಕಕ್ಕಿಲ್ಲ. ಕೆನ್ನೆಯನ್ನು ಪ್ರತಿ ಸಲವೂ ಒಂದೇ ಜಾಗಕ್ಕೆ ಒತ್ತಿದರೆ ಅದೂ ಇಲ್ಲವಾಗುತ್ತದೆ.

ತೊಂದರೆ ಕೊಟ್ಟಿದ್ದು ಸ್ಕೋಪನ್ನು ಕೋವಿಗೆ ಹಿಡಿದಿಡುವ ರಿಂಗುಗಳು. ಮೊದಲು ತರಿಸಿದ್ದು ಪಿಕಾಟಿನಿ ರೈಲಿನವು, ಅಂದರೆ ಅಡ್ಡ ಗೀರುಗಳಿರುವ ಅಗಲ ಪಟ್ಟಿಗೆ ಕೂರುವಂಥವು. ನನ್ನ ಕೋವಿಯ ಮೇಲಿರುವುದು 11 ಮಿ.ಮೀ. ಡವ್‌ಟೇಲ್, ಅಂದರೆ ಕೋವಿಯ ಮೇಲ್ಭಾಗದಲ್ಲೇ ಕೊರೆದ ಕಿರಿದಾದ ತೋಡು. ಒಂದು ತಿಂಗಳು ವ್ಯರ್ಥವಾಯಿತು. ದಯವಿಟ್ಟು ತೋಡನ್ನು ಅಳೆದ ಮೇಲೆಯೇ ರಿಂಗ್ ತರಿಸಿ.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಸ್ಕೋಪ್ ಬಿಚ್ಚಿಟ್ಟೆ. ಅಂದು ನಡೆಯುವ ನಮ್ಮೂರ ತೆಂಗಿನಕಾಯಿ ಹೊಡೆಯುವ ಸ್ಪರ್ಧೆಯಲ್ಲಿ ಬರಿಗಣ್ಣಿನ ಗುರಿಯೇ ನಿಯಮ, ಅದು ಹಾಗೆಯೇ ಇರಬೇಕೆಂಬುದು ನನ್ನ ಆಸೆ ಕೂಡ. ಮೂರನೆಯ ಗುಂಡಿಗೆ ಕಾಯಿ ಒಡೆಯಿತು. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.