ಲೆಫ್ಟ್ ಹ್ಯಾಂಡ್ ಡ್ರೈವ್ 1944ರ ಫೋರ್ಡ್ ಜೀಪಿಗೆ ಬಲಗಡೆ ಮಿರರ್ ಬೇಕು, ಬಾಡಿಗೆ ತೂತು ಹೊಡೀದೆ ಹಾಕೋದು ಹೇಗೆ?

ಮೂಡಿಗೆರೆ ಜೀಪು

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಒಂದು ಫೋರ್ಡ್ ಜಿಪಿಡಬ್ಲ್ಯು ಇದೆ, 1944ರದ್ದು. ಯುದ್ಧ ಮುಗಿದ್ಮೇಲೆ ಮಿಲಿಟರಿ ಡಿಸ್ಪೋಸಲ್ಲಲ್ಲಿ ಮಾರಿದ ಗಾಡಿ, ಯಾರ್ಯಾರ ಕೈ ದಾಟಿ ಕೊನೆಗೆ ನಮ್ಮಜ್ಜನ ಹತ್ರ ಬಂತು, ಗೊಬ್ಬರ, ಕಾಫಿ ಮೂಟೆ, ಆಳುಗಳು, ಬಾಣಂತಿ ಎಲ್ಲಾ ಇದ್ರಲ್ಲೇ ಓಡಾಡಿದ್ದು. ಹನ್ನೆರಡು ವರ್ಷ ಶೆಡ್ಡಲ್ಲೇ ನಿಂತಿತ್ತು, ಈಗ ಎರಡು ವರ್ಷದಿಂದ ನಾನು ಒಂದೊಂದೇ ಕೆಲಸ ಮಾಡಿಸ್ಕೊಂಡು ರೋಡಿಗೆ ತಂದಿದೀನಿ. ಇದೇ ಜೀಪನ್ನ ವಿಲ್ಲಿಸ್ ಕಂಪನಿಯವ್ರೂ ಮಾಡ್ತಿದ್ರು, ನಮ್ದು ವಿಲ್ಲಿಸ್ ಅಲ್ಲ ಫೋರ್ಡೇ ಅಂತ ಗ್ಯಾರಂಟಿ, ಗ್ರಿಲ್ ಕೆಳಗೆ ಮುಂದಿನ ಕ್ರಾಸ್ ಮೆಂಬರ್ ಪೈಪ್ ಥರ ಇಲ್ಲ, ಬೋರಲು ಹಾಕಿದ ಯು ಚಾನೆಲ್ ಇದೆ, ಸುಮಾರು ಬೋಲ್ಟುಗಳ ತಲೆ ಮೇಲೆ ಎಫ್ ಅಂತ ಇನ್ನೂ ಓದೋಕಾಗುತ್ತೆ.

ವಿಷ್ಯ ಏನಂದ್ರೆ ಮಿರರ್ರು. ಕಂಪನಿಯವ್ರು ಕೊಟ್ಟಿದ್ದು ಒಂದೇ ಒಂದು ದುಂಡಗಿನ ಮಿರರ್, ಅದು ಎಡಗಡೆ, ವಿಂಡ್‌ಶೀಲ್ಡಿನ ಬುಡದ ಹತ್ರ. ಸ್ಟೇರಿಂಗೂ ಎಡಗಡೆನೇ. ಅಮೆರಿಕದಲ್ಲಿ ರಸ್ತೆಯ ಬಲಕ್ಕೆ ಓಡಿಸ್ತಾರೆ, ಓವರ್‌ಟೇಕ್ ಮಾಡೋನು ಎಡಗಡೆಯಿಂದ ಬರ್ತಾನೆ, ಅವ್ರಿಗೆ ಅದು ಸರಿಯಾಗೇ ಇದೆ. ನಮ್ಮಲ್ಲಿ ನನ್ನ ಎಡಕ್ಕೆ ಚರಂಡಿ, ಬೇಲಿ, ಸಿಲ್ವರ್ ಓಕ್ ಮರ, ಮಿರರಲ್ಲಿ ಕಾಣೋದೂ ಅದೇ. ಹಿಂದಿನಿಂದ ಬರೋರೆಲ್ಲ ಬಲಗಡೆಯಿಂದ ಬರ್ತಾರೆ, ಆ ಕಡೆ ನಂಗೆ ಏನೂ ಕಾಣಲ್ಲ.

ಹೋದ ತಿಂಗಳು ಕೊಟ್ಟಿಗೆಹಾರದ ಹತ್ರ ಮಂಜು ಇತ್ತು, ಮುಂದೆ ಗುಂಡಿ ಅಂತ ಚೂರು ಬಲಕ್ಕೆ ಎಳೆದೆ ಅಷ್ಟೇ, ಪಕ್ಕದ ಸೀಟಲ್ಲಿದ್ದ ಮಗಳು "ಅಪ್ಪಾ ಬಸ್ಸೂ" ಅಂತ ಕಿರುಚಿದ್ಲು. ಬಸ್ಸು ಆಗ್ಲೇ ನನ್ನ ಪಕ್ಕಕ್ಕೆ ಬಂದಾಗಿತ್ತು, ಅದರ ಟಯರು ಅವಳ ಮೊಣಕೈಯಿಂದ ಒಂದು ಮೊಳ ದೂರದಲ್ಲಿತ್ತು. ಜೀಪಿಗೆ ಬಾಗಿಲಿಲ್ಲ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಅವತ್ತಿಂದ ಗಾಡಿನ ಗೇಟು ದಾಟ್ಸಿಲ್ಲ.

ಇಲ್ಲಿನ ವೆಲ್ಡಿಂಗ್ ಅಂಗಡಿಯವ್ರು ಟ್ರಾಕ್ಟರ್ ಮಿರರ್ ಪೈಪು ತಂದು ಬಾಡಿಗೇ ಹತ್ತಿಸ್ತೀನಿ ಅಂದ್ರು, ನಾನು ಬೇಡ ಅಂದೆ. 80 ವರ್ಷ ತೂತಿಲ್ದೆ ಉಳಿದಿರೋ ತಗಡು ಅದು. ಒಳಗೆ ಹಾಕೋ ಮಿರರ್ ಟ್ರೈ ಮಾಡಿದೆ, ಕ್ಯಾನ್ವಾಸ್ ಹುಡ್ ಹಾಕಿದ್ರೆ ಹಿಂದಿನ ಪರದೆ ಬಿಟ್ಟು ಬೇರೇನೂ ಕಾಣಲ್ಲ. ಯಾರಾದ್ರೂ ಮಾಡಿದ್ರೆ ದಯವಿಟ್ಟು ವಿವರವಾಗಿ ಹೇಳಿ.

ಸ್ಪ್ಯಾನರ್ ಹುಬ್ಬಳ್ಳಿ

ನಮಸ್ಕಾರ್ರಿ ಅಣ್ಣಾರ. ವೆಲ್ಡಿಂಗ್ ಬ್ಯಾಡ ಅಂದಿದ್ದು ಭಾಳ ಚಲೋ ಆತು. ನನ್ನ ಕಡೆ ಇರೂದು ಮಹೀಂದ್ರ ಸಿಜೆ3ಬಿ, ಹೈ ಬಾನೆಟ್, ಆದ್ರ ಒಬ್ರು ಗಿರಾಕಿದು ವಿಲ್ಲಿಸ್ ಎಂಬಿಗೆ ಇದ ಕೆಲಸ ಮಾಡಿಕೊಟ್ಟೇನಿ. ನಿಮಗ ತೂತು ಬೇಕಾಗಂಗಿಲ್ಲ, ತೂತು ಅಲ್ಲೇ ಅದ. ವಿಂಡ್‌ಶೀಲ್ಡ್ ಮಡಚಿ ಬಾನೆಟ್ ಮ್ಯಾಲೆ ಮಲಗಸ್ತೀರಲ್ಲ, ಅದು ತಿರುಗೂ ಕೀಲು ಎಡಕ್ಕೊಂದು ಬಲಕ್ಕೊಂದು ಅದಾವ. ಬಲಗಡೆ ಕೀಲಿನ ಕಡೆ ಬಾಡಿಗೆ ಬಿಗದಿರೂ ಬೋಲ್ಟ್ ಬಿಚ್ಚಿ ಅದರಾಗ ಒಂದು ಪಟ್ಟಿ ಸೇರಿಸಿ ಮತ್ತ ಬಿಗೀರಿ, ಆ ಪಟ್ಟಿಗೆ ಮಿರರ್ ಕೂಡಸ್ರಿ, ಬ್ಯಾಡಾದ್ರ ಹತ್ತು ನಿಮಿಷದಾಗ ಬಿಚ್ಚಬಹುದು.

ಆದ್ರ ಮೂರು ಮಾತು ಲಕ್ಷ್ಯ ಕೊಟ್ಟು ಕೇಳ್ರಿ. ಪಟ್ಟಿ ಬಾಡಿಗೆ ಕೂತಿರೂ ಭಾಗಕ್ಕ ಹಾಕ್ರಿ, ತಿರುಗೂ ಫ್ರೇಮಿಗೆ ಹಾಕಬ್ಯಾಡ್ರಿ, ಇಲ್ಲಂದ್ರ ಗ್ಲಾಸ್ ಮಲಗಿಸಿದಾಗ ಮಿರರೂ ಅದರ ಸಂಗಾಟನ ಮಲಗಿ ಬಾನೆಟ್ಟಿಗೆ ಬಡೀತದ. ಮತ್ತ ಆ ಬೋಲ್ಟ್ ಎಲ್ಲಾ ಇಂಚಿನವು, ನಮ್ಮ ಕಡೆ ಸೂತ್ ಅಂತೀವಲ್ಲ ಅದು, ಒಂದು ಸೂತ್ ಅಂದ್ರ ಇಂಚಿನ ಎಂಟನೇ ಒಂದು ಭಾಗ. ಎರಡೂವರೆ ಸೂತ್ ಬೋಲ್ಟ್ ಅಂದ್ರ 7.94 ಎಂಎಂ ಆಗ್ತದ, ಅಂಗಡ್ಯಾಗ ಎಂಟು ಎಂಎಂ ಬೋಲ್ಟ್ ಕೊಟ್ಟು ಇದ ನಡೀತದ ಅಂತಾರ, ಮೊದಲ ಎರಡು ಸುತ್ತು ಹೊಕ್ಕೂ ಬಿಡ್ತದ, ಆಮ್ಯಾಲೆ ಹಿಡೀತದ, ಪಾನಾ ಹಾಕಿ ತಿರುವಿದ್ರೋ ಒಳಗಿನ ಥ್ರೆಡ್ ಸತ್ಹೋತು. ಅಂಥಾ ಎಷ್ಟೋ ಗಾಡಿ ನನ್ನ ಕಡೆ ಬಂದಾವ. ಪಟ್ಟಿ ದಪ್ಪಕ್ಕ ತಕ್ಕಂಗ ಸ್ವಲ್ಪ ಉದ್ದ ಬೋಲ್ಟ್ ಬೇಕಾಗ್ತದ, ಹಳೇ ಬೋಲ್ಟಿನ ಥ್ರೆಡ್ ಗೇಜಿಟ್ಟು ನೋಡಿ ಅದಕ್ಕ ಹೊಂದೂದನ್ನ ತರ್ರಿ. ಎಫ್ ಇರೂ ಬೋಲ್ಟ್ ಮಾತ್ರ ಒಗೀಬ್ಯಾಡ್ರಿ! ಎಣ್ಣಿ ಸವರಿ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ, "ಬಲಗಡೆ ಕೀಲು" ಅಂತ ಚೀಟಿ ಬರದು ಡ್ಯಾಶ್‌ಬೋರ್ಡ್ ಡಬ್ಬಿಯಾಗ ಇಡ್ರಿ.

ಪಟ್ಟಿ ಮೂರು ಎಂಎಂ ಕಬ್ಬಿಣ ಸಾಕು. ಮೊದಲು ರಟ್ಟಿನಾಗ ಕತ್ತರಿಸಿ ಕೂಡ್ಸಿ ನೋಡ್ರಿ, ಆಮ್ಯಾಲೆ ತಗಡು. ಪಟ್ಟಿಗೂ ಬಾಡಿಗೂ ನಡುವ ಹಳೇ ಸೈಕಲ್ ಟ್ಯೂಬಿನ ತುಂಡು ಇಡ್ರಿ, ಬಣ್ಣ ಉಳೀತದ.

ಹಾಸನ ಮಾಜಿ ಸೈನಿಕ

ಸರ್, ನಾನು ಸೇನೆಯಲ್ಲಿ ಇಎಂಇ ಕೋರಲ್ಲಿ, ಅಂದ್ರೆ ಗಾಡಿ, ಯಂತ್ರ ರಿಪೇರಿ ಮಾಡೋ ವಿಭಾಗದಲ್ಲಿ ಇದ್ದೋನು, ಜೋಂಗಾ, ಶಕ್ತಿಮಾನ್, ನಿಸ್ಸಾನ್ ಒನ್ ಟನ್ ಅನ್ನೋ ಮಿಲಿಟರಿ ಗಾಡಿಗಳ ಕೆಳಗೇ ನನ್ನ ಸರ್ವಿಸ್ ಕಳೀತು. ನಿಮ್ಮ ಮಗಳ ಮಾತು ಓದಿ ಮನಸ್ಸಿಗೆ ಒಂಥರಾ ಆಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಹುಬ್ಬಳ್ಳಿಯವ್ರು ಹೇಳಿದ ಜಾಗ ಸರಿಯಾಗಿದೆ. ಆದ್ರೆ ಎಡಗಡೆ ಇರೋ ಥರದ್ದೇ ಇನ್ನೊಂದು ಮಿರರ್ ತಂದು ಬಲಕ್ಕೆ ಹಾಕಿದ್ರೆ ನಿಮ್ಮ ಸಮಸ್ಯೆ ಬಗೆಹರಿಯಲ್ಲ. ಯಾಕೆ ಅಂದ್ರೆ ಒರಿಜಿನಲ್ ಮಿರರಿನದು ಚಪ್ಪಟೆ ಗಾಜು. ಎಡಗಡೆ ಮಿರರು ನಿಮ್ಮ ಕಣ್ಣಿಂದ ಹೆಚ್ಚು ಕಮ್ಮಿ ಎರಡು ಅಡಿ ದೂರ ಇರುತ್ತೆ, ಬಲಗಡೇದು ನಾಲ್ಕು ಅಡಿಗೂ ಮೇಲೆ, ಗಾಡಿ ಅಗಲನೇ 62 ಇಂಚಲ್ವಾ. ಚಪ್ಪಟೆ ಗಾಜು ಕಿಟಕಿ ಇದ್ದ ಹಾಗೆ, ಕಿಟಕಿಯಿಂದ ದೂರ ಹೋದಷ್ಟೂ ಆಚೆ ಕಾಣೋದು ಕಮ್ಮಿ. ದೂರ ಎರಡರಷ್ಟಾದ್ರೆ ಕಾಣೋ ಅಗಲ ಅರ್ಧ. ಐದಿಂಚಿನ ಚಪ್ಪಟೆ ಗಾಜಲ್ಲಿ ಬಲಗಡೆ ರಸ್ತೆಯ ಒಂದು ಸೀಳು ಅಷ್ಟೇ ಕಾಣುತ್ತೆ, ಬಸ್ಸು ಆ ಸೀಳು ದಾಟಿ ಪಕ್ಕಕ್ಕೆ ಬಂದ್ಬಿಟ್ಟಿರುತ್ತೆ. ಆದ್ದರಿಂದ ಬಲಕ್ಕೆ ಉಬ್ಬು ಗಾಜು, ಅಂದ್ರೆ ಕಾನ್ವೆಕ್ಸ್, ಅದೇ ಬೇಕು. ಅದ್ರಲ್ಲಿ ಗಾಡಿಗಳು ಚಿಕ್ಕದಾಗಿ, ಇರೋದಕ್ಕಿಂತ ದೂರದಲ್ಲಿರೋ ಹಾಗೆ ಕಾಣುತ್ತೆ, ಮೊದಲ ವಾರ ಕಣ್ಣು ಒಗ್ಗೋ ತನಕ ಹುಷಾರಾಗಿರಿ. ಎಡಗಡೆ ಚಪ್ಪಟೇದು ಹಾಗೇ ಇರಲಿ, ಅದು ಗಾಡಿಯ ಗುರುತು.

ಇನ್ನೊಂದು, ಬಲಗಡೆ ಮಿರರಿಗೆ ಸೀಟಲ್ಲಿ ಕೂತ ನಿಮ್ಮ ಕೈ ಎಟುಕಲ್ಲ. ಅಂಗಳದಲ್ಲಿ ನಿಲ್ಸಿ ನೀವು ಸೀಟಲ್ಲಿ ಸರಿಯಾಗಿ ಕೂತ್ಕೊಳ್ಳಿ, ಇನ್ನೊಬ್ರು ಮಿರರ್ ತಿರುಗಿಸ್ಲಿ. ಬಲಗಡೆ ಹಿಂದಿನ ಚಕ್ರದಿಂದ ಒಂದು ಗಜ ಆಚೆ, ಹತ್ತು ಹೆಜ್ಜೆ ಹಿಂದಕ್ಕೆ ಒಂದು ಬಿಳಿ ಬಕೆಟ್ ಇಡಿ. ಬಕೆಟ್ಟೂ ಕಾಣ್ಬೇಕು, ದೂರದ ಗೇಟೂ ಕಾಣ್ಬೇಕು, ಗಾಜಿನ ಒಳ ಅಂಚಲ್ಲಿ ನಿಮ್ಮ ಜೀಪಿನ ಬಾಡಿ ಒಂದು ಬೆರಳಷ್ಟು ಕಾಣ್ಬೇಕು. ಸರಿಯಾದ ತಕ್ಷಣ ಲಾಕ್‌ನಟ್ ಬಿಗಿದು, ಗೋಲಿ ಜಾಯಿಂಟಿನ ಮೇಲೆ ಅಡ್ಡಲಾಗಿ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೀರಿ. ಗೆರೆ ಮುರಿದಿದ್ರೆ ಮಿರರ್ ಜರುಗಿದೆ ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಸೇನೆಯಲ್ಲಿ ನಾವು ನಟ್ಟುಗಳಿಗೂ ಹೀಗೇ ಗೆರೆ ಹಾಕ್ತಿದ್ವಿ.

ಹಸಿರುಬಣ್ಣ

ನನ್ನ ಅಭಿಪ್ರಾಯ ಬೇರೆ. 1941ರಿಂದ 45ರವರೆಗೆ ವಿಲ್ಲಿಸ್, ಫೋರ್ಡ್ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ರು, ನಮ್ಮ ದೇಶದಲ್ಲಿ ಬದಲಾವಣೆ ಇಲ್ದೆ ಉಳಿದಿರೋದು ಬೆರಳೆಣಿಕೆ. ಒಬ್ಬೊಬ್ರೂ ಒಂದೊಂದು ಸಣ್ಣ ಅನುಕೂಲ ಅಂತ ಸೇರಿಸ್ತಾ ಹೋಗಿ ಕೊನೆಗೆ ಡೀಸೆಲ್ ಎಂಜಿನ್, ಪವರ್ ಸ್ಟೇರಿಂಗ್, ಅಲಾಯ್ ವೀಲ್ ತನಕ ಬಂದ ಗಾಡಿಗಳನ್ನ ನೋಡಿ ಹೊಟ್ಟೆ ಉರಿಯುತ್ತೆ. ಇಂಥ ಗಾಡಿನ ಹೆದ್ದಾರಿಗೆ ತರೋದೇ ಬೇಡ, ತೋಟದೊಳಗೆ ಓಡಿಸಿ ಸಾಕು.

ಜೆಸಿ ರೋಡ್ ಗಿರಾಕಿ

@ಹಸಿರುಬಣ್ಣ ನಿಮ್ಮ ಕಾಳಜಿ ನಂಗೆ ಅರ್ಥ ಆಗುತ್ತೆ, ನಾನೂ ಒರಿಜಿನಲ್ ಪಕ್ಷದವ್ನೇ. ಆದ್ರೆ ಇದೇ ಜೀಪುಗಳು ಬರ್ಮಾ ಕಡೆ ಯುದ್ಧಕ್ಕೆ ಹೋದಾಗ ಸೈನಿಕರು ತಮಗೆ ಬೇಕಾದ್ದನ್ನ ಅಲ್ಲಲ್ಲೇ ಕಟ್ಟಿ ಬಿಗಿದು ಓಡಿಸಿದ್ರು. ಬಿಚ್ಚಿದ್ರೆ ಗುರುತೂ ಉಳೀದ ಒಂದು ಪಟ್ಟಿಗೂ ಎಂಜಿನ್ ಬದ್ಲಾಯಿಸೋದಕ್ಕೂ ಹೋಲಿಕೆ ಇಲ್ಲ. ಓಡದೆ ನಿಂತ ಜೀಪಿನ ಬ್ರೇಕ್ ಸಿಲಿಂಡರ್, ಕಾರ್ಬುರೇಟರ್ ಎಲ್ಲ ಏನಾಗುತ್ತೆ ಅಂತ ನಿಮಗೂ ಗೊತ್ತು, ಓಡ್ಲಿ ಬಿಡಿ, ಆದ್ರೆ ಸೇಫಾಗಿ ಓಡ್ಲಿ.

ಕಾನೂನಿನ ಕಡೆ ಎರಡು ವಿಷ್ಯ. 2021ರಲ್ಲಿ ವಿಂಟೇಜ್ ವಾಹನಗಳ ನಿಯಮ ಬಂತು, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಇರ್ಬಾರ್ದು. ಹೊಸದಾಗಿ ಮಾಡಿಸೋಕೆ 20,000 ರೂಪಾಯಿ, ಹತ್ತು ವರ್ಷಕ್ಕೆ ಬರುತ್ತೆ, ಆಮೇಲೆ ರಿನ್ಯೂವಲ್ 5,000. ಈಗಾಗಲೇ ನಂಬರ್ ಇರೋ ಗಾಡಿಗೆ ಹಳೇ ನಂಬರ್ರೇ ಉಳಿಯುತ್ತೆ. ಆದ್ರೆ ಹಾಗೆ ಮಾಡಿಸಿದ್ರೆ ದಿನಾ ಓಡಾಡೋಕೆ ಬಳಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ. ಮೂಡಿಗೆರೆಯವ್ರು ಪೇಟೆಗೆ ಹೋಗ್ಬರೋಕೂ ಬಳಸೋದಾದ್ರೆ ಇದನ್ನ ಯೋಚ್ನೆ ಮಾಡಿ ಮುಂದುವರೀರಿ. ಇದ್ದ ಬೋಲ್ಟಿಗೆ ನೇತುಹಾಕಿದ ಮಿರರ್ ಬಾಡಿ ಶೆಲ್ ಬದಲಾವಣೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ವೆಲ್ಡಿಂಗ್ ಮಾಡಿಸಿದ್ರೆ ಆ ಮಾತು ಹೇಳೋದು ಕಷ್ಟ ಆಗ್ತಿತ್ತು.

ಎರಡ್ನೇದು ಮಿರರಿಗಿಂತ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಎಡಗಡೆ ಸ್ಟೇರಿಂಗ್ ಇರೋ ಗಾಡಿಗೆ ಕೆಲಸ ಮಾಡೋ ಸಿಗ್ನಲ್ ಸಾಧನ ಇರ್ಲೇಬೇಕು. ಕಾರಣ ಸರಳ, ಬಲಕ್ಕೆ ತಿರುಗ್ತೀನಿ ಅಂತ ನೀವು ಕೈ ತೋರಿಸಿದ್ರೆ ಆ ಕಡೆ ಇರೋರಿಗೆ ಕಾಣಲ್ಲ. ನಿಮ್ದು 6 ವೋಲ್ಟ್ ಸಿಸ್ಟಮ್ಮು, ಈಗಿನ 12 ವೋಲ್ಟ್ ಫ್ಲ್ಯಾಶರ್, ಅಂದ್ರೆ ಇಂಡಿಕೇಟರ್ ಮಿಣುಕಿಸೋ ಡಬ್ಬಿ, ತಂದು ಹಾಕಿದ್ರೆ ಮಿಣುಕಲ್ಲ, 6 ವೋಲ್ಟಿಂದೇ ಹುಡುಕಿ. ಹಳೇ ಬುಲೆಟ್ಟಿಗೆ ಬರ್ತಿದ್ದ 6 ವೋಲ್ಟ್ ಬಲ್ಬು ಬೆಂಗಳೂರಿನ ಜೆಸಿ ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿದ್ರೆ ಈಗ್ಲೂ ಸಿಗುತ್ತೆ.

ಮಿರರಿಗೆ ಬಂದ್ರೆ, ಪ್ಲಾಸ್ಟಿಕ್ ತಗೋಬೇಡಿ, ಕಬ್ಬಿಣದ ದುಂಡಗಿನ ಚಿಪ್ಪು ಇರೋದು ತಗೊಳ್ಳಿ, ಜೀಪಿನ ಮುಖಕ್ಕೆ ಹೊಂದುತ್ತೆ. ಕ್ರೋಮ್ ಇದ್ರೆ ಉಜ್ಜಿ ಪ್ರೈಮರ್ ಹೊಡೆದು ಗಾಡಿಯ ಮ್ಯಾಟ್ ಹಸಿರನ್ನೇ ಹೊಡೀರಿ. ಒಳಗಿನ ಚಪ್ಪಟೆ ಗಾಜು ತೆಗೆದು ಅದೇ ಅಳತೆಯ ಕಾನ್ವೆಕ್ಸ್ ಗಾಜು ಕೂರಿಸಬಹುದು, ಆದ್ರೆ ವಿನೆಗರ್ ವಾಸನೆ ಬರೋ ಸಿಲಿಕಾನ್ ಹಾಕ್ಬೇಡಿ, ಅದರ ಆಸಿಡ್ಡು ಗಾಜಿನ ಹಿಂದಿನ ಲೇಪ ತಿನ್ನುತ್ತೆ. ನಾನು ಒಂದು ಸಲ ಹಾಗೆ ಮಾಡಿ ಒಂದೇ ಮಳೆಗಾಲದಲ್ಲಿ ಅಂಚಿಂದ ಕಪ್ಪು ಕಲೆ ಒಳಗೆ ಹರಡ್ತಾ ಬಂತು. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ ತಗೊಳ್ಳಿ. ಚಿಪ್ಪಿನ ಕೆಳಗೆ ನೀರು ಇಳಿದು ಹೋಗೋಕೆ ಸಣ್ಣ ತೂತು ಇರ್ಲಿ, ಮಲೆನಾಡಿನ ಮಳೆ ಅದು.

ಮೂಡಿಗೆರೆ ಜೀಪು

ಮೂರು ವಾರ ಆಯ್ತು, ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮಾಡಿದ್ದು ಹೇಳ್ತೀನಿ.

ಬೋಲ್ಟ್ ಬಿಚ್ಚೋಕೇ ಎರಡು ದಿನ ಹಿಡೀತು, ಬೆಳಿಗ್ಗೆ ಸಂಜೆ ಎಣ್ಣೆ ಬಿಟ್ಟು ಕಾದೆ. ಮಣ್ಣು ಮೆತ್ತಿತ್ತು, ಒರೆಸಿ ನೋಡಿದ್ರೆ ತಲೆ ಮೇಲೆ ಎಫ್ ಸ್ಪಷ್ಟವಾಗಿದೆ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಚೀಟಿ ಬರೆದು ಎತ್ತಿಟ್ಟಿದೀನಿ, ಚೀಟಿ ಬರೆದಿದ್ದು ಮಗಳು. ಪಟ್ಟಿಯ ರಟ್ಟು ನಾಲ್ಕು ಸಲ ಕತ್ತರಿಸ್ಬೇಕಾಯ್ತು, ವಿಂಡ್‌ಶೀಲ್ಡ್ ಮಲಗಿಸಿದಾಗ ಫ್ರೇಮಿನ ಕಾಲು ತಗುಲ್ತಾ ಇತ್ತು, ಪಟ್ಟಿನ ಹೊರಗಡೆಗೆ ಒಂದು ಇಂಚು ಬಗ್ಗಿಸಿದ್ಮೇಲೆ ಸರಿಹೋಯ್ತು.

ಕಾಫಿ ಒಣಗ್ಸೋ ಕಣದಲ್ಲಿ ಬಕೆಟ್ ಇಟ್ಟು ನೋಡಿದ್ವಿ. ಮೊದಲು ಚಪ್ಪಟೆ ಗಾಜಿನ ಮಿರರ್ ಹಿಡಿದು ನೋಡಿದೆ, ಹಾಸನದ ಸರ್ ಹೇಳಿದ್ದು ಅಕ್ಷರಶಃ ನಿಜ, ಬಕೆಟ್ ಕಂಡ್ರೆ ಗೇಟ್ ಇಲ್ಲ, ಗೇಟ್ ಕಂಡ್ರೆ ಬಕೆಟ್ ಇಲ್ಲ. ಕಾನ್ವೆಕ್ಸಲ್ಲಿ ಎರಡೂ ಬಂತು, ಗೇಟಿನಾಚೆ ಕಟ್ಟಿದ್ದ ಹಸುನೂ ಬಂತು. ಬಿಳಿ ಗೆರೆ ಹಾಕಿದೀನಿ. ಇಂಡಿಕೇಟರ್ ಕೆಲಸ ಶುರು ಮಾಡಿದೀನಿ, ಅದು ಮುಗಿಯೋ ತನಕ ಟಾರ್ ರೋಡಿಗೆ ಇಳಿಸಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದೀನಿ.

ಒಂದೇ ತೊಂದರೆ, ತೋಟದ ರಸ್ತೇಲಿ ಮೂರನೇ ಗೇರಲ್ಲಿ ಒಂದು ಸ್ಪೀಡಿಗೆ ಬಂದ್ರೆ ಮಿರರ್ ನಡುಗಿ ಎಲ್ಲಾ ಮಸುಕಾಗುತ್ತೆ, ಅದಕ್ಕಿಂತ ಕಮ್ಮಿ ಆದ್ರೂ ಸರಿ ಇರುತ್ತೆ, ಜಾಸ್ತಿ ಆದ್ರೂ ಸರಿ ಇರುತ್ತೆ. ನಟ್ಟೆಲ್ಲ ಟೈಟಾಗೇ ಇದೆ.

ಸ್ಪ್ಯಾನರ್ ಹುಬ್ಬಳ್ಳಿ

ಅದು ನಟ್ಟಿನ ತಪ್ಪಲ್ರಿ, ಮಿರರಿನ ಕಾಲು ಉದ್ದ ಆಗೇದ. ಎಂಜಿನ್ ನಡುಕ ಆ ಸ್ಪೀಡಿಗೆ ಕಾಲಿನ ನಡುಕಕ್ಕ ಸರಿಯಾಗಿ ಕೂಡ್ತದ, ಅದಕ್ಕ ಅಷ್ಟ ಜಾಗಾದಾಗ ಕುಣೀತದ. ಮಿರರಿನ ಕಾಲು ಎರಡಿಂಚು ಕಡಿಮಿ ಮಾಡ್ರಿ, ಕಡಿಮಿ ಮಾಡಿದ್ಮ್ಯಾಲೆ ಬಕೆಟ್ ಇಟ್ಟು ಮತ್ತೊಮ್ಮೆ ನೋಡ್ರಿ, ಹುಡ್ಡಿನ ಅಂಚು ಅಡ್ಡ ಬರಬಾರ್ದು. ಅದಕ್ಕೂ ಮೊದಲು ಬಾನೆಟ್ ತೆಗೆದು ಎಂಜಿನ್ ಮೌಂಟಿನ ರಬ್ಬರ್ ಒಮ್ಮೆ ನೋಡ್ರಿ, ಹನ್ನೆರಡು ವರ್ಷ ನಿಂತ ಗಾಡಿ ಅಂದ್ರಿ, ರಬ್ಬರ್ ಕಲ್ಲಾಗಿರ್ತದ. ಬೆರಳಿನ ಉಗುರು ಒತ್ತಿದ್ರ ಒಳಗ ಇಳೀಬೇಕು, ಇಳೀಲಿಲ್ಲಂದ್ರ ಮೊದಲು ಅದನ್ನ ಬದಲಿ ಮಾಡಿಸ್ರಿ. ಫೋಟೋ ಹಾಕ್ರಿ.