ಸಹಾಯ ಬೇಕು: ವ್ಯಾನಿನೊಳಗೆ ಕಣ್ಣಿಗೆ ಹಿತವಾದ ಬೆಳಕು

ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಮಲಗಲು, ಅಡುಗೆ ಮಾಡಲು ಆಗುವಂತೆ ಮಾರ್ಪಡಿಸಿಕೊಂಡಿದ್ದೇವೆ. ಎಲ್ಲವೂ ಚೆನ್ನಾಗಿದೆ, ದೀಪವೊಂದನ್ನು ಬಿಟ್ಟು. ಕೆಲಸ ಮಾಡಿಕೊಟ್ಟವರು ಚಾವಣಿಯುದ್ದಕ್ಕೂ 6500 ಕೆಲ್ವಿನ್‌ನ ಎಲ್‌ಇಡಿ ಪಟ್ಟಿ ಅಂಟಿಸಿದ್ದಾರೆ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ; ಹೆಚ್ಚಿದಷ್ಟೂ ನೀಲಿ ಬೆರೆತ ಬಿಳಿ, ಇಳಿದಷ್ಟೂ ಹಳದಿ). ರಾತ್ರಿ ಸ್ವಿಚ್ ಒತ್ತಿದರೆ ಆಪರೇಷನ್ ಥಿಯೇಟರಿನಲ್ಲಿ ಊಟಕ್ಕೆ ಕುಳಿತಂತೆ. ತೇಗದ ಬಣ್ಣದ ಪ್ಲೈವುಡ್ ಬೂದಿ ಬಳಿದಂತೆ ಕಾಣುತ್ತದೆ, ಆಗ ತಾನೇ ಇಳಿಸಿದ ಸಾರು ನಿನ್ನೆಯದರಂತೆ!

ಹಳೆಯ ಬುರುಡೆ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ನನಗೆ ಬೇಕಿರುವುದು ಅದೇ. ಆದರೆ ಅಂಗಡಿಯವರು ‘ವಾರ್ಮ್ ವೈಟ್’ ಎಂದು ಕೊಟ್ಟ ತುಂಡು ಹಚ್ಚಿ ನೋಡಿದರೆ ಅರಿಶಿನ ಕದಡಿದ ನೀರಿನ ಬಣ್ಣ. ಸಿಆರ್‌ಐ (ವಸ್ತುಗಳ ಬಣ್ಣವನ್ನು ಬೆಳಕು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಡುವ ಅಂಕ) 90ಕ್ಕಿಂತ ಹೆಚ್ಚಿರುವ 12 ವೋಲ್ಟ್ ಪಟ್ಟಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತದೆಯೇ? 2700 ಕೊಳ್ಳಲೋ, 3000ಕ್ಕೆ ಹೋಗಲೋ?

ಇನ್ನೊಂದು ತೊಡಕಿದೆ. ಎಂಜಿನ್ ಓಡುವಾಗ ಮೀಟರ್ ಹಿಡಿದು ನೋಡಿದೆ, 14.3 ವೋಲ್ಟ್ ತೋರಿಸಿತು. ಪಟ್ಟಿ ಎರಡು ಕಡೆ ಈಗಾಗಲೇ ಕಪ್ಪಾಗಿದೆ. ನಡುವೆ 12 ವೋಲ್ಟಿಗೆ ಸ್ಥಿರಗೊಳಿಸುವ ಕನ್ವರ್ಟರ್ ಹಾಕಿಕೊಂಡವರು ಎಷ್ಟು ಆಂಪಿಯರಿನದು ಹಾಕಿದಿರಿ? ನನ್ನ ಪಟ್ಟಿ 5 ಮೀಟರ್, ಮೀಟರಿಗೆ 10 ವ್ಯಾಟ್. ಲೆಕ್ಕಕ್ಕೆ 4 ಆಂಪಿಯರ್ ಮೀರುತ್ತದೆ, ಹಾಗಾಗಿ 5ರದು ಇಕ್ಕಟ್ಟಾಗಬಹುದೆಂಬ ಅಳುಕು. ಮುಂದಿನ ತಿಂಗಳು ಸಕಲೇಶಪುರದ ಕಡೆ ಹೊರಡುತ್ತೇವೆ, ಅಷ್ಟರೊಳಗೆ ಬದಲಿಸಬೇಕು.