ಅಪ್‌ಡೇಟ್: ಗಜನಿ ಹೊಂಡಗಳ ಡೇಟಾ ಕೊನೆಗೂ ಭದ್ರವಾಯಿತು

ಕಾರವಾರದಿಂದ ಮತ್ತೆ ನಾನೇ. ಅಘನಾಶಿನಿ ನದಿ ಪಕ್ಕದ ಗಜನಿಯ (ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಸಿಗಡಿ ಹೊಂಡಗಳಲ್ಲಿ ನನ್ನ ಸಂಶೋಧನೆಗಾಗಿ ಎರಡು ವರ್ಷ ನೀರಿನ ಅಳತೆ ತೆಗೆದಿದ್ದೆ. ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿದೆ, ಎಲ್ಲಿಡಲಿ, ಹೇಗೆ ಹಂಚಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೊನೆಗೆ ಝೆನೊಡೊದಲ್ಲಿ ಹಾಕಿದೆ. 2013ರಲ್ಲಿ ಶುರುವಾದ, ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ, ಸಂಶೋಧನೆಯ ಡೇಟಾ ಇಡುವ ಉಚಿತ ಆನ್‌ಲೈನ್ ಭಂಡಾರ ಅದು. ಡಿಒಐ (ಡೇಟಾವನ್ನು ಹುಡುಕಲು, ಉಲ್ಲೇಖಿಸಲು ಬಳಸುವ ಕಾಯಂ ಗುರುತು ಸಂಖ್ಯೆ) ಕೂಡ ಸಿಕ್ಕಿತು. ಅಪ್‌ಲೋಡ್ ಅರ್ಧ ಗಂಟೆಯ ಕೆಲಸ. ಅದಕ್ಕೂ ಮೊದಲು ಡೇಟಾ ಸರಿಪಡಿಸುವುದಕ್ಕೇ ಮೂರು ವಾರ ಹಿಡಿಯಿತು.

ದಿನಾಂಕಗಳೇ ದೊಡ್ಡ ತಲೆನೋವು. 03/07 ಅಂದರೆ ಜುಲೈ 3 ಅಥವಾ ಮಾರ್ಚ್ 7? ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಮಾರ್ಚ್‌ನಲ್ಲಿ ಅಳಿವೆಯ ನೀರು ಉಪ್ಪು. ಜುಲೈ ಮಳೆಗೆ ನದಿ ತುಂಬಿ ಬಂದರೆ ಆ ಉಪ್ಪು ಪೂರ್ತಿ ಇಳಿದುಬಿಡುತ್ತದೆ. ತಿಂಗಳು ಅದಲುಬದಲಾದರೆ ಇಡೀ ಲೆಕ್ಕ ತಲೆಕೆಳಗು. ಹೊಂಡದ ದಂಡೆಯಲ್ಲಿ ಕೂತು ಬರೆದಿದ್ದ ನೋಟ್‌ಬುಕ್ ತೆಗೆದು, ಒಂದೊಂದನ್ನೇ ನೋಡಿ, ವರ್ಷ-ತಿಂಗಳು-ದಿನ ಕ್ರಮಕ್ಕೆ ತಂದೆ. ಆಮ್ಲಜನಕದ ಅಳತೆಗೆ ಗಂಟೆಯನ್ನೂ ಸೇರಿಸಿದೆ. ನಸುಕಿನಲ್ಲಿ ಅದು ಕಡಿಮೆ, ಮಧ್ಯಾಹ್ನದ ಬಿಸಿಲಿಗೆ ಜಾಸ್ತಿ. ಗಂಟೆಯಿಲ್ಲದ ಸಂಖ್ಯೆ ಇಟ್ಟು ಏನು ಪ್ರಯೋಜನ, ಅಲ್ವಾ?

ಹೊಂಡದವರ ಹೆಸರು, ನಿಖರ ಜಾಗ ತೆಗೆದಿದ್ದೇನೆ. ಯಾರ ಹೊಂಡಕ್ಕೆ ರೋಗ ಬಂತು ಎಂಬುದು ಊರಿಗೆಲ್ಲ ಗೊತ್ತಾಗಬಾರದು. ಮನೆಮನೆಗೆ ಹೋಗಿ ಒಪ್ಪಿಗೆಯನ್ನೂ ಕೇಳಿದೆ. ಒಬ್ಬ ಅಜ್ಜ, "ನಮ್ಮ ನೀರಿನ ಲೆಕ್ಕ ನಮಗೂ ಒಂದು ಪ್ರತಿ ಕೊಡು ತಂಗಿ" ಅಂದರು. ಅವರಿಗಾಗಿ ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟೆ. ಮುಂದಿನ ಆವೃತ್ತಿಯಲ್ಲಿ ಅದನ್ನೂ ಸೇರಿಸುತ್ತೇನೆ.